ನೀಲಿ ಗ್ರಹದಲ್ಲಿ ಬಿಟ್ಟು ಬಂದ ರುದ್ರಪ್ಪ

ಮಂಗಳ ಹಾಡು ಶುರುವಾಯಿತೆಂದರೆ ನಾನೂ ಎದ್ದು ಚಪ್ಪಲಿ ಹುಡುಕುವವಳೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಮುಂದೆ ನಾನು ಮೂರು ತಾಲ್ಲೂಕಿನ ಜನರ ಮೇಲೆ ಸಿಟ್ಟಾಗುವುದಿದೆ. ಭಜನೆಯಾಗಲಿ, ಕೀರ್ತನೆಯಾಗಲಿ, ಬಯಲಾಟವಾಗಲಿ, ಕೊನೆಗೆ ಮೇಳದವರು ಆರತಿ ತಟ್ಟೆ ಹಿಡಿದು ಮಂಗಳ ಹಾಡಿದರೆ ನಮ್ಮ ಕಡೆಯವರಿಗೆ ಅದಕ್ಕೆ ಒಂದೇ ಅರ್ಥ: ಆಟ ಮುಗಿಯಿತು, ಏಳಿ. ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ, ಕಾಲು ತಾನಾಗಿ ಏಳುತ್ತದೆ. ಬುದ್ಧಿಯನ್ನು ಯಾರೂ ಕೇಳುವುದಿಲ್ಲ.

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಲಿಸುವವಳಾದ್ದರಿಂದ ಊರಲ್ಲಿ ಎಲ್ಲರ ಬಾಯಲ್ಲೂ ನಾನು ಅಕ್ಕಾರ. ಹೋದ ವರ್ಷ ಈ ಅಕ್ಕಾರಿಗೆ ಒಂದು ಹುಚ್ಚು ಹಿಡಿಯಿತು. ಅನ್ಯಗ್ರಹಕ್ಕೆ ಹೋಗುವ ಸಿನಿಮಾಗಳಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಯಾಕೆ ಹೋಗಬೇಕು, ನಮ್ಮವನೊಬ್ಬ ಹೋಗಲಿ ಎಂದು ಕಥೆ ಬರೆದೆ. ಕಥಾನಾಯಕ ರುದ್ರಪ್ಪ, ಬೋರ್‌ವೆಲ್ ಕೊರೆಯುವವನು. ಭೂಮಿ ಕೊರೆಯುವಾಗ ಅವನಿಗೆ ಒಂದು ವಿಚಿತ್ರ ಲೋಹದ ಗುಂಡು ಸಿಗುತ್ತದೆ, ಅದರಿಂದ ಸಂದೇಶ ಬರುತ್ತದೆ, ನೀಲಿ ಗ್ರಹವೊಂದರಲ್ಲಿ ನೀರಿಗಾಗಿ ಕೊರೆಯಬಲ್ಲವನು ಬೇಕಾಗಿದ್ದಾನೆ ಎಂದು ತಿಳಿಯುತ್ತದೆ. ರುದ್ರಪ್ಪ ಹೋಗುತ್ತಾನೆ. ಕೊನೆಗೆ ಆ ಗ್ರಹದ ಮೇಲೆಯೇ ನೌಕೆ ಸಿಡಿಯುತ್ತದೆ. ಓದಿ ನಮ್ಮ ಮನೆಯವರು, "ಪಾಪ, ಅಷ್ಟ ದೂರ ಹೋಗಿ ಸತ್ತನಲ್ಲ" ಎಂದರು. ಸತ್ತಿಲ್ಲ, ಅದೇ ಅದರ ಮಜಾ ಎಂದೆ ನಾನು.

ಸಿನಿಮಾ ಮಾಡಿದ್ದು ಹುಕ್ಕೇರಿಯ ಮಹಾದೇವಣ್ಣ. ಲಗ್ನದ ವಿಡಿಯೋ ತೆಗೆಯುವ ಸ್ಟುಡಿಯೋದ ಮಾಲಕರು. ಅವರ ಕ್ಯಾಮೆರಾ ಕಣ್ಣಿಗೆ ಬೀಳದ ವಧೂವರರು ಆ ಸುತ್ತಿನಲ್ಲಿ ಸಿಗುವುದು ಕಷ್ಟ. ಅಕ್ಷತೆ ಬೀಳುವುದನ್ನು ನಿಧಾನಗತಿಯಲ್ಲಿ ತೋರಿಸಿ ತೋರಿಸಿ ಅವರಿಗೂ ಬೇಜಾರಾಗಿತ್ತೋ ಏನೋ, ಕಥೆ ಕೇಳಿದ ಕೂಡಲೇ, "ಮಾಡೂನ್ರಿ ಅಕ್ಕಾರ" ಅಂದುಬಿಟ್ಟರು. ನಿರ್ದೇಶನಕ್ಕೆ ಕೌಜಲಗಿಯ ಸಿದ್ದಪ್ಪ ಮಾಸ್ತರರನ್ನು ಕರೆದರು. ಮಾಸ್ತರರು ಜೀವನವಿಡೀ ಬಯಲಾಟ ಕಲಿಸಿದವರು. ಕ್ಯಾಮೆರಾವನ್ನು ಅವರು ಮುಂದಿನ ಸಾಲಿನಲ್ಲಿ ಕೂತ ಒಬ್ಬ ಗೌಡರೆಂದೇ ತಿಳಿದು ಮರ್ಯಾದೆಯಿಂದ ನಡೆಸಿಕೊಂಡರು. ಗಗನನೌಕೆ ಏರುವ ಮುನ್ನ ರುದ್ರಪ್ಪ ಅದರ ಮೆಟ್ಟಿಲು ಮುಟ್ಟಿ ನಮಸ್ಕರಿಸುವುದು ಅವರದೇ ಸೇರ್ಪಡೆ, ಮತ್ತು ನನ್ನ ಇಡೀ ಕಥೆಯಲ್ಲಿ ಜನ ಚಪ್ಪಾಳೆ ತಟ್ಟಿದ ಜಾಗ ಅದೊಂದೇ.

ಈಗ ತಪ್ಪಿನ ಮಾತಿಗೆ ಬರೋಣ. ದೊಡ್ಡ ಸಿನಿಮಾಗಳಲ್ಲಿ ಕೊನೆಯ ಹೆಸರುಗಳೆಲ್ಲ ಹರಿದುಹೋದ ಮೇಲೆ ಒಂದು ಚಿಕ್ಕ ತುಣುಕು ಬರುತ್ತದಲ್ಲ, ಮುಂದಿನ ಭಾಗಕ್ಕೆ ಆಸೆ ಹುಟ್ಟಿಸಲು, ಅಂಥದ್ದು ನಮಗೂ ಬೇಕೆಂದು ಹಟ ಹಿಡಿದವಳು ನಾನು. ನೀಲಿ ಮಣ್ಣಿನಲ್ಲಿ ಒಂದು ಕೈ ಅಲುಗುತ್ತದೆ. ರುದ್ರಪ್ಪ ಎದ್ದು ಕೂರುತ್ತಾನೆ. ಸುತ್ತ ನೋಡಿ, "ಯಾರರ ಅದೀರೇನ್ರಿ ಇಲ್ಲೆ?" ಎಂದು ಕೇಳುತ್ತಾನೆ. ಕಾಣದ ಅನ್ಯಗ್ರಹದವರಿಗೂ ಅವನು ರೀ ಹಚ್ಚುವುದನ್ನು ಬರೆದಾಗ ನನಗೇ ಕಣ್ಣಲ್ಲಿ ನೀರು ಬಂದಿತ್ತು. ಮಾಸ್ತರರು ಒಪ್ಪಿದರು, ಆದರೆ ಒಂದು ಮಾತು ಹೇಳಿದರು. "ಸಾವು ತೋರ್ಸಿ ಮಂಗಳಾ ಹಾಡಲಾರದ ಮಂದೀನ ಮನಿಗೆ ಕಳಸಾಕ ಬರಂಗಿಲ್ರಿ. ನೌಕಾ ಸಿಡೀತಂದ್ರ ಮೇಳ ಬರ್ಬೇಕು, ಮಂಗಳಾ ಆಗಬೇಕು. ನಿಮ್ಮ ತುಣುಕು ಅದರ ಹಿಂದ ಬರ್ಲಿ." ನಾನು ತಲೆಯಾಡಿಸಿದೆ. ಹುಟ್ಟಿ ಬೆಳೆದದ್ದು ಇಲ್ಲೇ ಆದರೂ, ಮಂಗಳದ ಹಿಂದೆ ಇಟ್ಟದ್ದನ್ನು ನೋಡಲು ಒಂದು ನರಪಿಳ್ಳೆಯೂ ಉಳಿಯುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ.

ಹೊಳೆಯದಿದ್ದುದಕ್ಕೆ ಕಾರಣ ನನ್ನ ಪಾಂಡಿತ್ಯವೇ ಇರಬೇಕು. ಆಟದ ಆರಂಭದಲ್ಲಿ ಗಣಪತಿಯನ್ನೂ ಶಾರದೆಯನ್ನೂ ಹಾಡಿ ಕರೆಯುತ್ತಾರೆ. ಕರೆದವರನ್ನು ಮರ್ಯಾದೆಯಿಂದ ಕಳಿಸಿಕೊಡಬೇಡವೇ, ಅದಕ್ಕೇ ಮಂಗಳ. ಸಂಸ್ಕೃತ ನಾಟಕಗಳೂ ಮಳೆ ಬರಲಿ, ಬೆಳೆ ಬೆಳೆಯಲಿ ಎಂದು ಹರಸಿಯೇ ತೆರೆ ಎಳೆಯುತ್ತಿದ್ದವು. ಹಳೆಯ ಸಿನಿಮಾಗಳಲ್ಲಿ "ಶುಭಂ" ಎಂಬ ಬೋರ್ಡು ಬರುತ್ತಿತ್ತು. ಇವೆಲ್ಲ ನನಗೆ ಗೊತ್ತು, ಸಭೆಗಳಲ್ಲಿ ಭಾಷಣವನ್ನೂ ಮಾಡಿದ್ದೇನೆ. ಆದರೆ ಶುಭಂ ಬಂದ ಮೇಲೂ ಕುರ್ಚಿಯಲ್ಲಿ ಕೂತವರನ್ನು ಕಂಡಿದ್ದೀಯಾ ಎಂದು ಯಾರಾದರೂ ಕೇಳಿದ್ದರೆ ಸಾಕಿತ್ತು.

ಗೋಕಾಕದಲ್ಲಿ ಸಿನಿಮಾ ಚೆನ್ನಾಗಿ ನಡೆಯಿತು. ಜನ ಅತ್ತರು, ಕೈ ಮುಗಿದರು, ಹೋದರು. ಮುಂದಿನ ಸಾಲಿನಲ್ಲಿ ತೆರೆಗೇ ಕಣ್ಣಿಟ್ಟು ಕೂತಿದ್ದ ನಾನು, ಯಾವಾಗ ಹೋದರೆಂದು ತಿರುಗಿ ನೋಡಲಿಲ್ಲ. ಮರುದಿನವೇ ನಾನು ಎರಡನೇ ಭಾಗದ ನೋಟುಪುಸ್ತಕ ಹಿಡಿದು ಹುಕ್ಕೇರಿಗೆ ಹೋದೆ. ಮಹಾದೇವಣ್ಣ ಚಹಾ ತರಿಸಿದರು, ನೋಟುಪುಸ್ತಕ ಮಾತ್ರ ಮುಟ್ಟಲಿಲ್ಲ.

"ಕಥಿ ಮುಗದೈತಲ್ರಿ ಅಕ್ಕಾರ. ಮಂದಿ ಲೆಕ್ಕಕ್ಕ ರುದ್ರಪ್ಪ ಸತ್ತಾನ, ಮಂಗಳಾನೂ ಆಗೇತಿ. ಮುಂದೇನಾತು ಅಂತ ಮಂದಿ ಕೇಳಬೇಕಲ್ಲ? ನಾ ಲಗ್ನದಾಗೂ ಹಂಗ. ಕೇಳಲಾರದ ಒಂದ ಫೋಟೋ ಹೆಚ್ಚಿಗಿ ಹಾಕಾಂವಲ್ಲ. ಒಬ್ಬರ, ಒಬ್ಬರೇ ಒಬ್ಬರು ಬಂದು ನನ್ನ ಮುಂದ ಕೇಳ್ಲಿ, ನಾಳೆನ ಚಾಲೂ ಮಾಡೂನು."

ಒಬ್ಬರೇ ಒಬ್ಬರು! ಇಷ್ಟೇ ತಾನೇ ಎಂದು ಹಿಗ್ಗಿ ಬಂದೆ. ವಾರ ಕಳೆಯಿತು, ತಿಂಗಳು ಕಳೆಯಿತು, ಒಬ್ಬರೂ ಕೇಳಲಿಲ್ಲ. ನಮ್ಮ ಮನೆಯವರು ದಿನಾ ಊಟಕ್ಕೆ ಕೂತಾಗ "ನಿನ್ನ ರುದ್ರಪ್ಪ ಬಂದನೇನ?" ಎಂದು ಕೇಳುತ್ತಿದ್ದರು. ಅದನ್ನೇ ಫೋನಿನಲ್ಲಿ ಹೇಳಿದೆ. ಮನೆಯವರು ಕೇಳಿದ್ದು ನಡೆಯುವುದಿಲ್ಲ ಎಂದು ಮಹಾದೇವಣ್ಣ ನಕ್ಕರು. ನನಗೆ ನಗು ಬರಲಿಲ್ಲ. ನಿಜ ಹೇಳಲೇ? ಕಲಿಸುವುದು ಬಿಟ್ಟರೆ ಜೀವನದಲ್ಲಿ ನಾನಾಗಿ ಮಾಡಿದ್ದು ಅಂತ ಇದ್ದದ್ದು ಆ ಒಬ್ಬ ರುದ್ರಪ್ಪ. ಅವನು ಬದುಕಿದ್ದಾನೆ ಎಂದು ನಂಬಿದವಳು ನಾನೊಬ್ಬಳೇ ಆಗಿಬಿಟ್ಟಿದ್ದೆ, ಮತ್ತು ಅದು ಬಹಳ ನೋಯುತ್ತಿತ್ತು.

ಮೂಡಲಗಿಯ ಪ್ರದರ್ಶನದಲ್ಲಿ ನಾನು ಬಾಗಿಲ ಬಳಿ ನಿಂತೆ. ಆಗ ಕಂಡಿತು ನೋಡಿ. ನೌಕೆ ಸಿಡಿಯಿತು, ತೆರೆಯ ಮೇಲೆ ಮೇಳ ಬಂತು, ಮಂಗಳದ ಮೊದಲ ಸಾಲಿಗೇ ಇಡೀ ಸಭೆ ಎದ್ದು ನಿಂತಿತು. ಎರಡನೆಯ ಸಾಲಿಗೆ ನನ್ನ ಪಕ್ಕದಿಂದ ಹೊಳೆಯ ಹಾಗೆ ಹರಿದುಹೋಯಿತು. ನನ್ನ ರುದ್ರಪ್ಪ ಖಾಲಿ ಕುರ್ಚಿಗಳನ್ನು ನೋಡಿ, "ಯಾರರ ಅದೀರೇನ್ರಿ ಇಲ್ಲೆ?" ಎಂದು ಕೇಳಿದ. ನಾನಿದ್ದೇನಪ್ಪಾ ಎಂದು ಕೂಗಬೇಕೆನಿಸಿತು.

ತುಣುಕನ್ನು ಹಿಂದಕ್ಕೋ ಮುಂದಕ್ಕೋ ಸರಿಸೋಣವೆಂದರೆ ಆಗ ಲಗ್ನಸರಾಯಿ, ಮದುವೆಗಳ ಸುಗ್ಗಿ, ಸ್ಟುಡಿಯೋದ ಕಂಪ್ಯೂಟರಿನಲ್ಲಿ ಬರೀ ಮದುಮಕ್ಕಳು. ಉಳಿದದ್ದು ಹತ್ತರಗಿಯ ಒಂದೇ ಆಟ. ಕಲ್ಯಾಣ ಮಂಟಪದಲ್ಲಿ, ಮಧ್ಯಾಹ್ನ, ಕಿಟಕಿಗೆಲ್ಲ ಜಮಖಾನೆ ಕಟ್ಟಿ. ಮಹಾದೇವಣ್ಣನೂ ಮಾಸ್ತರರೂ ಬಂದಿದ್ದರು. ಆಟಕ್ಕೆ ಮೊದಲು ನಾನೇ ಮೈಕು ಹಿಡಿದೆ. "ಮಂಗಳಾ ಆದ ಮ್ಯಾಲೂ ಯಾರೂ ಏಳಬ್ಯಾಡ್ರಿ. ಇನ್ನೂ ಚೂರು ಐತ್ರಿ" ಎಂದು ಬೇಡಿಕೊಂಡೆ. ಎಲ್ಲರೂ "ಆತ್ರಿ ಅಕ್ಕಾರ" ಎಂದರು. ಅಷ್ಟು ಒಳ್ಳೆಯ ಜನ.

ಮಂಗಳ ಶುರುವಾಯಿತು. ಅಷ್ಟು ಒಳ್ಳೆಯ ಜನವೆಲ್ಲ ಎದ್ದು ನಿಂತಿತು. ದೇವರ ಹಾಡಿಗೆ ಕೂತಿರುವುದು ಹೇಗೆ? ಎದ್ದು ನಿಂತ ಮೇಲೆ ಕಾಲಿಗೆ ದಾರಿ ಗೊತ್ತೇ ಇದೆ. ಮಾಸ್ತರರೂ ಎದ್ದರು! ನಾನು ಮೈಕು ಹುಡುಕುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಗದ್ದಲ. ಮುಗಿಯಿತು ನನ್ನ ಕಥೆ ಎಂದು ಕಂಬಕ್ಕೆ ಒರಗಿದೆ.

ಆಗ ಮುಂದಿನ ಸಾಲಿನಿಂದ ಒಂದು ಕಿರುಚು ಕೇಳಿತು. "ಅಯ್ಯ ನನ್ನ ಶಿವನ! ಏ, ಹೊಳ್ಳಿ ಬರ್ರಿ! ಇಂವ ಇನ್ನಾ ಜೀವಂತ ಅದಾನ!"

ಕೂಗಿದಾಕೆ ತಾಯವ್ವ, ಊರಲ್ಲಿ ಕಬ್ಬಿನ ಹೊಲಕ್ಕೆ ಕೂಲಿ ಹೋಗುವ ಮುದುಕಿ. ಮೊಣಕಾಲು ನೋವಿನವಳು, ಗದ್ದಲ ಕಡಿಮೆಯಾಗಲಿ ಎಂದು ಕೂತೇ ಕೈ ಮುಗಿದಿದ್ದಳಂತೆ. ಬಾಗಿಲಲ್ಲಿದ್ದವರು ತಿರುಗಿದರು. ಒಂದೇ ಕಾಲಿಗೆ ಚಪ್ಪಲಿ ಹಾಕಿದವರು ಹಾಗೆಯೇ ಓಡಿ ಬಂದರು. "ಹೊಳ್ಳಿ ಹಚ್ಚ್ರಿ, ಹೊಳ್ಳಿ ಹಚ್ಚ್ರಿ" ಎಂದು ಮಂಟಪ ಒಂದಾಗಿ ಕೂಗಿತು. ಮತ್ತೆ ಹಚ್ಚಿದರು. ಕೈ ಅಲುಗಿತು, ರುದ್ರಪ್ಪ ಎದ್ದು ಕೂತ, "ಯಾರರ ಅದೀರೇನ್ರಿ ಇಲ್ಲೆ?" ಎಂದ. "ಅದೀವೋ ತಮ್ಮಾ!" ಎಂದು ನೂರಾರು ಗಂಟಲು ಉತ್ತರ ಕೊಟ್ಟವು. ಶಿಳ್ಳೆ, ಚಪ್ಪಾಳೆ, ಟವೆಲ್ಲುಗಳು ಮೇಲಕ್ಕೆ. ನಾನು ನಾಚಿಕೆ ಬಿಟ್ಟು ಅತ್ತೆ. ಗೆದ್ದೆ ನೋಡ್ರಿ, ಗೆದ್ದುಬಿಟ್ಟೆ!

ತಾಯವ್ವ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕೋಲೂರಿಕೊಂಡು ನೇರ ಮಹಾದೇವಣ್ಣನ ಮುಂದೆ ಬಂದು ನಿಂತಳು. ಹಾಂ, ಈಗ ಕೇಳುತ್ತಾಳೆ, ಮುಂದೇನಾತು ಅಂತ, ಎಂದು ನಾನು ಕಂಬ ಬಿಟ್ಟು ಮುಂದೆ ಬಂದೆ.

"ಅಲ್ರಿ ಮಾಲಕ್ರ, ಅಲ್ಲಿ ಒಂದ ಗಿಡಾ ಇಲ್ಲ, ಹೊಲಾ ಇಲ್ಲ. ಏನ್ ತಿಂತೈತ್ರಿ ಆ ಕೂಸು?"

ಮಹಾದೇವಣ್ಣ ತಡಬಡಿಸಿದರು. "ಅದು ಸಿನಿಮಾ ಐತಿ ಯವ್ವಾ... ನೋಡೂನು."

"ಏನ್ ನೋಡ್ತಿ? ಮಂದಿ ಮಗನ್ನ ಒಯ್ದು ಅಲ್ಲಿ ಒಗದು ಬಂದು ನೀ ಮನ್ಯಾಗ ಹೊಟ್ಟಿತುಂಬ ಉಣ್ತಿಯೇನ? ಮದಲ ಅವನ್ನ ಕರಕೊಂಡ ಬಾ."

"ಖರೆ ಐತಿ, ಕರಕೊಂಡ ಬರ್ರಿ!" ಎಂದಿತು ಮಂಟಪ. ಮಹಾದೇವಣ್ಣ ಒಮ್ಮೆ ಜನರನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈ ಎತ್ತಿದರು. "ಆತ್ರಿ! ಕರಕೊಂಡ ಬರ್ತೀನ್ರಿ! ಅಕ್ಕಾರ, ಬರೀರಿ ಎರಡನೇ ಭಾಗ!" ಮಾಸ್ತರರು ಅಲ್ಲೇ ಸೊಂಟದ ಸಂಚಿ ಬಿಚ್ಚಿ ನನ್ನ ಕೈಗೆ ಎಲೆಅಡಿಕೆ ಇಟ್ಟರು. ಬಯಲಾಟದವರಲ್ಲಿ ಎಲೆಅಡಿಕೆ ಕೊಟ್ಟರೆಂದರೆ ಆಟ ನಿಕ್ಕಿಯಾದಂತೆ, ಇನ್ನು ಹಿಂದೆ ಸರಿಯುವ ಮಾತಿಲ್ಲ.

ಗೋಕಾಕದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹುಕ್ಕೇರಿಗೆ ಹೊತ್ತೊಯ್ದಿದ್ದ ಆ ನೋಟುಪುಸ್ತಕ ತೆಗೆದೆ. ಗ್ರಹದ ದೂರ ಬರೆದಿದ್ದೆ, ಗುರುತ್ವ ಬರೆದಿದ್ದೆ, ಗಾಳಿ ಎಷ್ಟು ದಿನಕ್ಕೆ ಸಾಕೆಂದು ಭಾಗಾಕಾರ ಮಾಡಿ ಬರೆದಿದ್ದೆ. ನನ್ನದೇ ರುದ್ರಪ್ಪ ಎಂದು ತಿಂಗಳುಗಟ್ಟಲೆ ಸಂಕಟಪಟ್ಟವಳು ನಾನು, ಅವನಿಗೆ ಹಸಿವಾಗುತ್ತದೆ ಎಂದು ಒಂದು ದಿನವೂ ನೆನೆಸಲಿಲ್ಲ. ಬರೆದದ್ದನ್ನೆಲ್ಲ ಅಡ್ಡ ಗೆರೆ ಎಳೆದು ಹೊಡೆದುಹಾಕಿ, ಹೊಸ ಪುಟದಲ್ಲಿ ಎರಡನೇ ಭಾಗದ ಮೊದಲ ದೃಶ್ಯ ಬರೆದೆ: ರುದ್ರಪ್ಪ ಚೀಲ ಬಿಚ್ಚುತ್ತಾನೆ. ಒಳಗೆ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಅವನು ಮೊದಲು ಊಟ ಮಾಡುತ್ತಾನೆ.