ಎಡಬಾಗಿಲಿನ ಗೀರುಗಳು

ಇಲವಾಲದ ಹತ್ತಿರ ರಸ್ತೆ ಬದಿಯ ವಾಶ್ ಸೆಂಟರಿನಲ್ಲಿ ಹೋದ ವಾರ ಕಾರು ತೊಳೆಯಲು ಬಿಟ್ಟು, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಗಾಳಿಯಲ್ಲಿ ಒಂದು ವಾಸನೆ ತೇಲಿ ಬಂತು. ಸೀಮೆಎಣ್ಣೆಗೆ ಸುಣ್ಣದ ಪುಡಿ ಕಲಸಿ ಬಿಸಿಲಿಗಿಟ್ಟಂಥ ವಾಸನೆ. ಕಾರಿನ ಮೈಗೆ ಹಚ್ಚಿ ಉಜ್ಜುವ ಪಾಲಿಶ್ ಕಾಂಪೌಂಡಿನದು. ನನ್ನ ಅಂಗಾಂಗಗಳಲ್ಲಿ ಮೂಗು ಅತ್ಯಂತ ಸೋಮಾರಿ. ಅಂಥದ್ದು ಅಂದು ಒಂದೇ ಉಸಿರಿಗೆ ನನ್ನನ್ನು ಚಾಮರಾಜಪುರಂನ ಒಂದು ಕತ್ತಲೆ ಶೆಡ್ಡಿಗೆ ಎಳೆದೊಯ್ದು ನಿಲ್ಲಿಸಿತು...

ಆ ಶೆಡ್ಡಿನವರನ್ನು ನಾವೆಲ್ಲ ಪಾಲಿಶ್ ಯಜಮಾನರು ಎನ್ನುತ್ತಿದ್ದೆವು. ತೆಳ್ಳನೆಯ ಆಳು, ಖಾಕಿ ಅಂಗಿ, ಕಿವಿಯ ಹಿಂದೆ ಬೀಡಿ ಇರಬೇಕಾದ ಜಾಗದಲ್ಲಿ ಒಂದು ಮೆತ್ತನೆಯ ಬ್ರಷ್ಷು. ಆಯುಧಪೂಜೆ ಹತ್ತಿರವಾದಂತೆ ಜಯಲಕ್ಷ್ಮಿಪುರಂನಿಂದಲೂ ಕಾರುಗಳು ಬಂದು, ಚೌಲಕ್ಕೆ ತಂದ ಮಕ್ಕಳ ಹಾಗೆ ಅವರ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದವು.

ದಿನವೂ ಬೆಳಿಗ್ಗೆ ಕಾರನ್ನು ಒಣಬಟ್ಟೆಯಿಂದ ಉಜ್ಜುವುದು ನಮ್ಮೂರಿನ ಸದ್ಗೃಹಸ್ಥರ ನಿತ್ಯಕರ್ಮ. ಬಟ್ಟೆಗೆ ಹತ್ತಿದ ಧೂಳು ಬಣ್ಣದ ಮೇಲೆ ಕೂದಲೆಳೆಯಂಥ ಗೀರು ಎಳೆಯುತ್ತದೆ. ನೆರಳಲ್ಲಿ ಏನೂ ಕಾಣದು. ಬಿಸಿಲು ಬಿದ್ದರೆ ಜೇಡರ ಬಲೆಯ ಹಾಗೆ ಸುತ್ತುಸುತ್ತಾಗಿ ಎದ್ದು ಬರುತ್ತದೆ. ಯಜಮಾನರು ಮೊದಲು ಮಷೀನು ತಿರುಗಿಸಿ ಗೀರು ತೆಗೆಯುತ್ತಿದ್ದರು. ಮಷೀನು ಹೋಗುವಾಗ ತನ್ನದೇ ಒಂದು ಮಬ್ಬನ್ನು ಬಿಟ್ಟು ಹೋಗುತ್ತದೆ. ಅದನ್ನು ಅರ್ಧ ದಿನ ಕೂತು, ಸ್ಪಂಜಿನಲ್ಲಿ ನಯವಾದ ಪಾಲಿಶ್ ಹಿಡಿದು, ಕೈಯಿಂದಲೇ ತೆಗೆಯುತ್ತಿದ್ದರು. “ಗೀರು ತೆಗೆಯಕ್ಕೆ ಕರೆಂಟ್ ಸಾಕು ಸಾರ್, ಮಬ್ಬು ತೆಗೆಯಕ್ಕೆ ಮನುಷ್ಯ ಬೇಕು” ಎನ್ನುತ್ತಿದ್ದರು.

ಇದೆಲ್ಲಕ್ಕೂ ಮೊದಲು ಒಂದು ವಿಧಿ ಇತ್ತು. ನಡುಮಧ್ಯಾಹ್ನ ಶೆಡ್ಡಿನ ಶಟರ್ ಎಳೆದು, ಉದ್ದ ವೈರಿನ ಬಲ್ಬನ್ನು ಓರೆಯಾಗಿ ಹಿಡಿದು, ಕಾರಿನ ಮೈಯನ್ನು ಪಂಚಾಂಗದಂತೆ ಓದುವುದು. “ತಮ್ಮ ಡ್ರೈವರ್ ನೆಲ ಒರೆಸಿದ ಬಟ್ಟೇಲೇ ಇದನ್ನೂ ಒರೆಸ್ತಾವ್ನೆ” ಎಂದು ಒಬ್ಬ ವಕೀಲರಿಗೆ ನನ್ನೆದುರೇ ಹೇಳಿದರು. ಡ್ರೈವರ್ ಅಲ್ಲೇ ನಿಂತಿದ್ದ. ಆಮೇಲೆ ಅವನು ಆ ಬೀದಿಯ ಕಡೆ ತಲೆ ಹಾಕಲಿಲ್ಲ.

ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಮೇಲೆ ನಾನೊಂದು ಕಪ್ಪು ಕಾರು ಕೊಂಡೆ, ಹೊಚ್ಚ ಹೊಸದು. ಕಪ್ಪು ನನ್ನ ಹೆಂಡತಿಯ ಆಸೆ. ಆದರೆ ಕಾರು ಬರುವ ಎರಡು ವರ್ಷ ಮೊದಲೇ ಅವಳು ತೀರಿಕೊಂಡಿದ್ದಳು. ಹಾಗಾಗಿ ಒರೆಸುವ ನಿತ್ಯಕರ್ಮ ನನ್ನ ಪಾಲಿಗೆ ಬಂತು. ಮೊದಲ ಆಯುಧಪೂಜೆಗೆ ಯಜಮಾನರು ಕಾರನ್ನು ಕನ್ನಡಿ ಮಾಡಿಕೊಟ್ಟರು. ಬಲ್ಬು ಹಿಡಿದು ಸುತ್ತಲೂ ತೋರಿಸಿದರು. ಒಂದೇ ಒಂದು ಗೀರಿರಲಿಲ್ಲ.

ಮರುವರ್ಷ ಮತ್ತೆ ಹೋದೆ. ಶಟರ್ ಇಳಿಯಿತು, ಬಲ್ಬು ಹತ್ತಿತು. ಬಾನೆಟ್ ಓದಿ ಮುಗಿಸಿದವರು ಮುಂದಿನ ಎಡಬಾಗಿಲ ಬಳಿ ನಿಂತುಬಿಟ್ಟರು. ಡ್ರೈವರಿನ ಪಕ್ಕ ಕೂರುವವರ ಬಾಗಿಲು ಅದು.

“ಸಾರ್, ಒರೆಸೋರು ಇಬ್ರು, ಅಲ್ವಾ?”

“ನಾನೊಬ್ಬನೇ ಕಣ್ರೀ.”

“ಬುಡಿ ಸಾರ್, ತಮಾಷೆ ಮಾಡ್ಬೇಡಿ. ಬಾನೆಟ್ ಮೇಲೆ ಗೀಚಿರೋರು ತಾವು. ಬಲಗೈ, ಬಸ್ಸಿಗೆ ಹೊತ್ತಾದೋರ ಥರ. ಈ ಬಾಗಿಲು ಬೇರೆಯೋರ್ದು. ಎಡಗೈ. ಕಮಾನು ನೋಡಿ, ಇತ್ತ ವಾಲೈತೆ. ಎತ್ತರ ಇಲ್ಲ, ಗಾಜಿಂದ ಮೇಲಕ್ಕೆ ಕೈ ಹೋಗಿಲ್ಲ. ನಿಧಾನಸ್ಥರು. ಅವರನ್ನ ನೋಡಿ ಕಲ್ತ್ಕೊಳಿ ಸಾರ್, ಒರೆಸೋದು ಅಂದ್ರೆ ಅದು.”

ನನಗೆ ಕಂಡದ್ದು ಬರೀ ಜೇಡರ ಬಲೆ. ಆದರೆ ನನ್ನ ಹೆಂಡತಿ ಎಡಚಿ. ನನ್ನ ಭುಜಕ್ಕೂ ಬರುತ್ತಿರಲಿಲ್ಲ. ನಮ್ಮ ಹಳೆಯ ಸ್ಕೂಟರನ್ನು ಅವಳೇ ದಿನಾ ಹಳೇ ಸೀರೆಯ ತುಂಡಿನಿಂದ ನಿಧಾನವಾಗಿ ಒರೆಸುತ್ತಿದ್ದಳು, ನನ್ನ ಸೋಮಾರಿತನದ ಮೇಲೆ ಅಂದಂದಿನ ತೀರ್ಪು ಕೊಡುತ್ತಾ. ಇದೊಂದನ್ನೂ ನಾನು ಯಜಮಾನರಿಗೆ ಹೇಳಿರಲಿಲ್ಲ.

ಕಾನೂನಿನ ಅನ್ನ ಉಂಡವನು ನಾನು. ಕಾರನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಏಕಸದಸ್ಯ ವಿಚಾರಣಾ ಆಯೋಗ ರಚಿಸಿದೆ. ಹಾಲಿನವನು ಗೇಟಿನೊಳಗೆ ಬರುವುದಿಲ್ಲ. ಮನೆಗೆಲಸದ ಹೆಂಗಸು ಬಲಗೈಯವಳು, ಅಲ್ಲದೆ ಕೇಳದ ಕೆಲಸ ಮಾಡಿದ ಇತಿಹಾಸ ಅವಳಿಗಿಲ್ಲ. ಗೇಟಿನ ಬೀಗದ ಕೈ ನನ್ನ ಜನಿವಾರದಲ್ಲೇ ಇರುತ್ತದೆ. ಆಯೋಗವು ಯಾವ ನಿರ್ಣಯಕ್ಕೂ ಬಾರದೆ ಬರಖಾಸ್ತಾಯಿತು.

ಮರುದಿನ ಹೋದಾಗ ಯಜಮಾನರು ಇಡೀ ಕಾರು ಮುಗಿಸಿ, ಆ ಬಾಗಿಲೊಂದನ್ನು ಮುಟ್ಟದೆ ಕೂತಿದ್ದರು.

“ಮನೇಲಿ ಎಡಗೈನೋರು ಯಾರಿದಾರೆ ಸಾರ್?”

“ಇದ್ದರು” ಎಂದೆ.

ಅವರು ಬಲ್ಬು ಆರಿಸಿದರು. ಕತ್ತಲಲ್ಲೇ “ತೆಗೀಲಾ, ಬುಡ್ಲಾ?” ಎಂದು ಕೇಳಿದರು. ಬಿಡಿ ಎಂದೆ.

ಆಮೇಲೆ ಪ್ರತಿವರ್ಷವೂ ಹಾಗೆಯೇ. ಮೂರೂ ಕಡೆ ಕನ್ನಡಿ, ಆ ಒಂದು ಬಾಗಿಲು ಬಲೆ. ಒಂದು ಚುಕ್ಕೆ ಮಬ್ಬಿದ್ದರೂ ಕಾರು ಹೊರಗೆ ಬಿಡದ ಮನುಷ್ಯನಿಗೆ ಇದು ಸಣ್ಣ ಅವಮಾನವಲ್ಲ. “ಏನು ಯಜಮಾನ್ರೇ, ಕಣ್ಣು ಹೋಯ್ತಾ?” ಎಂದು ಪಕ್ಕದ ಟೈರ್ ಅಂಗಡಿಯವನು ಛೇಡಿಸಿದರೆ, “ಊಂ ಕಣಪ್ಪ, ಎಡಗಣ್ಣು” ಎನ್ನುತ್ತಿದ್ದರು. ನಾನು ಕಾರು ತರುತ್ತಿದ್ದದ್ದು ಪಾಲಿಶ್‌ಗಲ್ಲ. ಬಾಗಿಲನ್ನು ಓದಿಸಿಕೊಂಡು ಹೋಗಲು. ಹೊಸ ಗೀರಿದೆ ಎಂದು ಅವರು ಹೇಳಿದರೆ ಅದರ ಬಲದಲ್ಲೇ ನನಗೆ ಮುಂದಿನ ವರ್ಷ ಕಳೆಯುತ್ತಿತ್ತು.

ಒಂದು ಸಲ ಬಹಳ ಹೊತ್ತು ನೋಡಿ, “ಈ ಸಲ ಒತ್ತು ಕಮ್ಮಿ ಸಾರ್, ಕೈ ಹಗುರ ಆಗೈತೆ” ಎಂದರು.

ಡಾಕ್ಟರನ್ನು ಕೇಳುವವನಂತೆ ಕೇಳಿದೆ, “ನಿಂತೇ ಹೋಗುತ್ತಾ?”

“ಧೂಳು ನಿಂತ್ರೆ ತಾನೇ ಸಾರ್, ಒರೆಸೋರು ನಿಲ್ಸೋದು?”

ಮುದುಕನೊಬ್ಬನ ಸಮಾಧಾನಕ್ಕೆ ಅವರು ಸುಳ್ಳು ಹೇಳುತ್ತಿದ್ದರೇ? ಇರಬಹುದು. ಆದರೆ ಎಡಗೈ, ಎತ್ತರ, ನಿಧಾನ... ಅವರು ಊಹಿಸಿದ ಮೂರರಲ್ಲಿ ಒಂದಾದರೂ ತಪ್ಪಬೇಕಿತ್ತಲ್ಲ.

ಮೂರು ವರ್ಷದ ಹಿಂದೆ ಆಯುಧಪೂಜೆಗೆ ಮುನ್ನ ಹೋದಾಗ ಶಟರ್ ಪೂರ್ತಿ ಇಳಿದಿತ್ತು. ಒಳಗೆ ಓದುತ್ತಿದ್ದಾರೆಂದು ಕಾಯುತ್ತ ನಿಂತೆ. “ಕಾಯ್ಬೇಡಿ ಸಾರ್, ಯಜಮಾನ್ರು ತೀರ್ಕೊಂಡು ತಿಂಗಳಾಯ್ತು” ಎಂದ ಟೈರ್ ಅಂಗಡಿಯವನು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಅಂದಿನಿಂದ ಕಾರಿಗೆ ಬರೀ ನೀರಿನ ಸ್ನಾನ. ಹಾಗಾಗಿ, ಹೋದ ವಾರ ಆ ವಾಸನೆ ಬಂದಾಗ ಮೊದಲು ಯಜಮಾನರು ನೆನಪಾದರು; ಮರುಕ್ಷಣ ಅದು ಯಾವ ಕಾರಿನಿಂದ ಬರುತ್ತಿರಬಹುದೆಂದು ಹೊಳೆಯಿತು. ಕಾಫಿ ಬಿಟ್ಟು, ನನ್ನ ವಯಸ್ಸಿಗೆ ಶೋಭಿಸದ ವೇಗದಲ್ಲಿ ರಸ್ತೆ ದಾಟಿದೆ.

“ಸರ್ಪ್ರೈಸ್ ಅಂಕಲ್!” ಎಂದಳು ಮ್ಯಾನೇಜರ್ ಹುಡುಗಿ. “ಸೀನಿಯರ್ ಸಿಟಿಜನ್ಸ್‌ಗೆ ಒಂದು ಡೋರ್ ಪಾಲಿಶ್ ಫ್ರೀ. ತುಂಬಾ ಹಾಳಾಗಿರೋದನ್ನೇ ಹುಡುಕಿ ಮಾಡ್ಸಿದೀನಿ!”

ಥ್ಯಾಂಕ್ಸ್ ಅಮ್ಮಾ ಎಂದೆ. ಯಾವ ಕಲಮಿನಡಿ ದೂರು ಕೊಡುವುದು? ಎಡಬಾಗಿಲಲ್ಲಿ ಮೀಸೆಗೆ ಕಾಫಿ ಹತ್ತಿದ ಮುದುಕನೊಬ್ಬ ನಿಂತಿದ್ದ, ಒಬ್ಬನೇ. ಗೀರೆಲ್ಲ ಹೋಗಿತ್ತು. ಮಷೀನಿನ ಮಬ್ಬು ಮಾತ್ರ ಹಾಗೇ ಉಳಿದಿತ್ತು. ಅದನ್ನು ತೆಗೆಯಬೇಕಾದ ಮನುಷ್ಯ ಇರಲಿಲ್ಲ.

ಮನೆಗೆ ಬಂದವನು ಟ್ರಂಕಿನಿಂದ ಹಳೇ ಸೀರೆಯ ತುಂಡೊಂದನ್ನು ತೆಗೆದು ಎಡಬಾಗಿಲ ಹಿಡಿಗೆ ಸಿಕ್ಕಿಸಿದೆ. ಬೆಳಿಗ್ಗೆ ನೋಡಿದರೆ ಅದು ಒದ್ದೆಯಾಗಿತ್ತು. ಇಬ್ಬನಿಯ ಕಾಲ; ಅದನ್ನು ಸಾಕ್ಷ್ಯವೆಂದು ಪರಿಗಣಿಸಲಾಗದು. ಆರು ದಿನ ಕಾದು, ನಿನ್ನೆ ಮಧ್ಯಾಹ್ನ ಕಾರಿನ ಮೇಲೆ ಕಂಬಳಿ ಹೊದಿಸಿ, ಅದರಡಿ ತೂರಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಗಾಜಿನ ಕೆಳಗೆ, ಕೂದಲೆಳೆಯಷ್ಟು ಸಣ್ಣದಾಗಿ, ಒಂದು ಕಮಾನು.

ಅದು ಯಾವ ಕಡೆ ವಾಲಿದೆಯೆಂದು ಬಹಳ ಹೊತ್ತು ನೋಡಿದೆ. ನನಗೆ ಓದಲು ಬರುವುದಿಲ್ಲ.