ವೈನಿಯ ದನಿ ಕದ್ದವನು

ಲೂಡೊ ಆಟದ ಕಂಪನಿಯಿಂದ ಊರೂರಿನ ಜನರ ಮಾಹಿತಿ ಕದ್ದವನು ಯಾರೋ, ನನಗೆ ಗೊತ್ತಿಲ್ಲ. ಆದರೆ ನನ್ನ ವೈನಿಯ — ಅಣ್ಣನ ಹೆಂಡತಿಯ — ದನಿಯಲ್ಲಿ ಅವರ ತಂಗಿಯನ್ನು ಹೀಗಳೆದವನು ಆ ಕಳ್ಳನಲ್ಲ — ನಾನು. ಬುದ್ಧಿ ಕಡಿಮೆ, ಗಂಟಲು ಜಾಸ್ತಿ ಇರುವ ಮೈದುನ.

ಭಾಲ್ಕಿಯ ನಮ್ಮ ಮನೆಯಲ್ಲಿ ಸಂಜೆಯಾದರೆ ವೈನಿ ಮೊಬೈಲಿನಲ್ಲಿ ಲೂಡೊ ಆಡುತ್ತಾರೆ. ಔರಾದಿನಿಂದ ತಂಗಿ ಸುಜಾತಾ, ಬೀದರಿನಿಂದ ಅವರವ್ವ ಸೇರಿಕೊಳ್ಳುತ್ತಾರೆ. ಆಟ ಬರೀ ನೆಪ. ಮಾತು, ನಗುವೇ ಎಲ್ಲ. ಅವತ್ತು ಅವರವ್ವ ಇನ್ನೂ ಆಟಕ್ಕೆ ಬಂದಿರಲಿಲ್ಲ; ಹಾಲು ಉಕ್ಕಿತೆಂದು ವೈನಿ ಮೈಕ್ ಬಂದ್ ಮಾಡದೆ ಮೊಬೈಲ್ ಬಿಟ್ಟು ಒಳಗೆ ಓಡಿದರು. ಊರವರ ದನಿಯನ್ನೆಲ್ಲ ಅವರಂತೆಯೇ ತೆಗೆಯುವ ನನ್ನ ಗಂಟಲು — ಸುಮ್ಮನಿದ್ದರೆ ತಾನೆ —

"ಸುಜಾ, ನಿನ್ನ ರೊಟ್ಟಿ ಛತ್ತಿಗಿ ಹೊಚ್ಚಿದ್ರ ಮಳಿ ಸೋರಂಗಿಲ್ಲ ನೋಡು. ಇನ್ನ ಕಳಸಬ್ಯಾಡವಾ."

ನಗುತ್ತಾಳೆ ಅಂದುಕೊಂಡೆ. ಸುಜಾತಾ ಆಟ ಬಿಟ್ಟೇ ಹೋದಳು. ವಾರವಾರ ಬಸ್ಸಿನಲ್ಲಿ ಬರುತ್ತಿದ್ದ ರೊಟ್ಟಿಯ ಗಂಟು ನಿಂತಿತು. ವೈನಿಯ ಫೋನನ್ನು ಅವಳು ಎತ್ತುತ್ತಿರಲಿಲ್ಲ. ಯಾಕೆಂದು ವೈನಿಗೆ ತಿಳಿಯದು. ನನಗೆ ತಿಳಿದಿತ್ತು, ಆದರೆ ಬಾಯಿ...

ಅಷ್ಟರಲ್ಲಿ ಕಂಪನಿಯ ಸಂದೇಶ ಬಂತು: ಖಾತೆಗಳ ಮಾಹಿತಿ ಕಳುವಾಗಿದೆ, ಪಾಸ್‌ವರ್ಡ್ ಬದಲಿಸಿ. ಅದನ್ನು ಪ್ರಸಾದದಂತೆ ಹಂಚಿದೆ. ಆ ಮಾತು ವೈನಿಯದ್ದಲ್ಲ, ಅವರ ಖಾತೆಗೆ ನುಗ್ಗಿ ದನಿ ಕದ್ದ ಪರದೇಶದ ಹ್ಯಾಕರನದ್ದು ಎಂದು ಸುಜಾತಾಗೆ ತಿಳಿಸಿದೆ.

ಗಾಂಧಿ ಗಂಜ್ ಮಾರುಕಟ್ಟೆಯ ಬೇಳೆ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣನೊಬ್ಬನೇ ಕೇಳಿದ, "ಪರದೇಶದ ಕಳ್ಳಗ ನಮ್ಮ ಮಾತು ಹ್ಯಾಂಗ ಬಂತಲೇ?"

"ಈಗ ಎಲ್ಲಾ ಮಷೀನ್ ಕಲಿಸ್ತದ, ಅಣ್ಣಾ," ಅಂದೆ. ಅಷ್ಟು ಗಂಭೀರ ಮುಖ ನಾನು ಹಿಂದೆಂದೂ ಹೊತ್ತಿರಲಿಲ್ಲ.

ಸುಜಾತಾ ಔರಾದಿನಿಂದ ಓಡಿ ಬಂದು ಅಕ್ಕನನ್ನು ತಬ್ಬಿ ಅತ್ತಳು, ನಕ್ಕಳು. ಎಲ್ಲರೂ ಕಳ್ಳನಿಗೆ ಬೈದರು. ಎಲ್ಲರಿಗಿಂತ ಜೋರಾಗಿ ಬೈದವನು ನಾನೇ.

ಮುಗಿಯಿತು ಅಂದುಕೊಂಡೆ — ಮುಗಿದಿರಲಿಲ್ಲ. ತಮ್ಮ ದನಿ ಕಳ್ಳರ ಕೈಗೆ ಸಿಕ್ಕಿದೆಯೆಂದು ಹೆದರಿದ ವೈನಿ, ಅಂದಿನಿಂದ ಆಟದಲ್ಲಿ ಮಾತೇ ಆಡಲಿಲ್ಲ. ಮೈಕ್ ಬಂದ್ ಮಾಡಿ ದಾಳ ಉರುಳಿಸುವುದು, ಅಷ್ಟೇ. ಅವರವ್ವ ಮಾತ್ರ ಅತ್ತ ಕಡೆಯಿಂದ, "ಒಮ್ಮ್ಯಾರ ನಗ ನನ್ನವ್ವ, ನಿನ್ನ ನಗಿ ಕೇಳಿ ಭಾಳ ದಿನ ಆತು," ಅನ್ನುತ್ತಲೇ ಇದ್ದರು. ಇದನ್ನು ನಾನು ಪಕ್ಕದಲ್ಲೇ ಕೂತು ಕೇಳಿದೆ — ಒಂದೆರಡು ದಿನವಲ್ಲ, ವರ್ಷಗಟ್ಟಲೆ. ಎಲ್ಲರ ದನಿ ತೆಗೆದು ನಗಿಸುವವನು, ಒಬ್ಬರ ದನಿಯನ್ನೇ ಕಟ್ಟಿಹಾಕಿದ್ದೆ.

ಮೊನ್ನೆ ಪಡಸಾಲೆಯಲ್ಲಿ ಕೂತು ನಾನೂ ಅವರ ಆಟಕ್ಕೆ ಸೇರಿದೆ. ಯಾರ ದನಿಯನ್ನೂ ತೆಗೆಯದೆ ಹೇಳಿದೆ:

"ಅವತ್ತ ಮಾತಾಡಿದಾಂವ ಕಳ್ಳ ಅಲ್ರಿ, ನಾನೇ. ವೈನಿ ದನಿ ಯಾರ ಕೈಗೂ ಸಿಕ್ಕಿಲ್ಲ."

ಎಷ್ಟೋ ವರ್ಷಗಳ ನಂತರ ವೈನಿಯ ಮೈಕ್ ತೆರೆದುಕೊಂಡಿತು.

"ಖರೆ ಹೇಳುವಾಗ ನಿನ್ನ ದನಿ ಇಷ್ಟ್ ಸಪ್ಪಗ ಇರ್ತದೇನೋ? ಇದಕ್ಕಿಂತ ನನ್ನ ದನಿನೇ ಚಂದ ತೆಗಿತಿದ್ದಿ. ದಾಳ ಒಗಿ, ನಿನ್ನ ಪಾಳಿ ಬಂದದ."