ಸನ್ನದಿಗೆ ಸರ್ವಾನುಮತ

ನನಗೆ ಇರುವುದು ಒಂದೇ ಒಂದು ದುಶ್ಚಟ. ತಂಬಾಕಲ್ಲ, ಇಸ್ಪೀಟಲ್ಲ, 'ತಕ್ಕದ್ದು' ಎಂಬ ಪದ. ಪುಣೆಯ ವಿಮಾ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಮರಾಠಿ, ಇಂಗ್ಲಿಷ್ ಸುತ್ತೋಲೆ ಓದಿ ಓದಿ, ಒಮ್ಮೆಯಾದರೂ ಕನ್ನಡದಲ್ಲಿ 'ಸಲ್ಲಿಸತಕ್ಕದ್ದು', 'ಪಾಲಿಸತಕ್ಕದ್ದು' ಎಂದು ಬರೆದು ಕೆಳಗೆ ಸಹಿ ಹಾಕಬೇಕೆಂಬ ಆಸೆ ಹೊಟ್ಟೆಯಲ್ಲೇ ಉಳಿದಿತ್ತು. ನಿವೃತ್ತನಾದ ಮೇಲೂ ಅದಕ್ಕೆ ದಾರಿ ಕಾಣಲಿಲ್ಲ. ಕೋಥರೂಡದಲ್ಲಿರುವ ನಮ್ಮ ಸೊಸೈಟಿಯಲ್ಲಿ ನೀರು ಬರುವುದಿಲ್ಲವೆಂಬ ನೋಟೀಸು ಕೂಡ ಮರಾಠಿಯಲ್ಲೇ ಇರಬೇಕು. ಅದನ್ನು ಬರೆಯುವ ಮನುಷ್ಯ ಬೇರೆ ಇದ್ದಾನೆ.

ಅಷ್ಟರಲ್ಲಿ ನಮ್ಮ ಗುಂಪು ಹುಟ್ಟಿತು. ಒಟ್ಟು ಒಂಬತ್ತು ಜನ, ಎಲ್ಲರೂ ಕನ್ನಡದವರು. ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಯಾದಗಿರಿ, ಕಲಬುರಗಿ ಕಡೆಯ ಕಟ್ಟಡ ಕೆಲಸದವರು ಬರುತ್ತಾರೆ. ಅವರಿಗೆ ಮರಾಠಿ ಬರುವುದಿಲ್ಲ, ಡಾಕ್ಟರರಿಗೆ ಕನ್ನಡ ಬರುವುದಿಲ್ಲ. ನಡುವೆ ನಿಂತು ಮಾತು ದಾಟಿಸುವುದು ನಮ್ಮ ಕೆಲಸ. ನಾನು ಸಂಚಾಲಕ. ಅಂದರೆ ಯಾರು ಯಾವ ದಿನ ಹೋಗಬೇಕೆಂದು ವಾಟ್ಸಾಪಿನಲ್ಲಿ ಹಾಕುವವನು. ಸ್ವತಃ ಆಸ್ಪತ್ರೆಗೆ ಹೋಗುವುದು ಕಡಿಮೆ. ಸಂಚಾಲಕನಾದವನು ಹಾಗೆ ಎಲ್ಲೆಂದರಲ್ಲಿ ಸಂಚರಿಸಬಾರದು ಎಂದು ನನ್ನ ಅಭಿಪ್ರಾಯ.

ನಿಜವಾಗಿ ಗುಂಪನ್ನು ಹೊತ್ತಿದ್ದವರು ಒಬ್ಬ ಹೆಣ್ಣುಮಗಳು. ಯಾದಗಿರಿ ಕಡೆಯವರು. ಮೊದಲು ಇಟ್ಟಿಗೆ ಹೊರುತ್ತಿದ್ದರು, ಈಗ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮರಾಠಿಯನ್ನು ಒಲೆಯ ಮುಂದೆ ನಿಂತೇ ಕಲಿತರು. ಎಲ್ಲರೂ ಅವರನ್ನು ಬಾಯಿ ಎನ್ನುತ್ತೇವೆ. ಮರಾಠಿಯಲ್ಲಿ ಹಾಗೆಂದರೆ ಹೆಂಗಸು, ನಮ್ಮ ಗುಂಪಿಗಂತೂ ಅವರು ಕನ್ನಡದ ಅರ್ಥದಲ್ಲೂ ಬಾಯಿಯೇ. ವಾರದಲ್ಲಿ ನಾಲ್ಕು ದಿನ ಬೆಳಗಿನ ಅಡುಗೆ ಮುಗಿಸಿ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುವರು. "ದಣಿವಾಗೂದಿಲ್ಲೇನ್ರಿ?" ಎಂದು ಒಮ್ಮೆ ಕೇಳಿದ್ದೆ. "ಮನಿಗೋಳಾಗ ನಾ ಹೇಳಿದ್ದು ಯಾರ್ ಕೇಳ್ತಾರ್ರಿ? ಉಪ್ಪು ಕಡಿಮಿ ಆತು ಅಂತ ಅವರ ಹೇಳ್ತಾರ. ಅಲ್ಲಿ ನಾ ಮಾತಾಡೂತನ ಡಾಕ್ಟರ್ ಪೆನ್ನ ಹಿಡಕೊಂಡು ಕಾಯ್ತಾನ" ಎಂದಿದ್ದರು.

ಹೀಗಿರಲು ಊರಿನ ಸೇವಾ ಗುಂಪುಗಳ ಒಕ್ಕೂಟದವರು ಒಂದು ಆಡಳಿತ ಸನ್ನದು ತಯಾರಿಸಿ ಎಲ್ಲರಿಗೂ ಕಳಿಸಿದರು. ಗುಂಪು ಹೇಗೆ ನಡೆಯಬೇಕು, ಯಾರು ಸದಸ್ಯರಾಗಬಹುದು, ತೀರ್ಮಾನ ಹೇಗೆ ಆಗಬೇಕು, ಹೀಗೆ ಹನ್ನೊಂದು ಕಲಮುಗಳು. ನಿಮ್ಮ ಗುಂಪು ಬೆಂಬಲಿಸುತ್ತದೋ ಇಲ್ಲವೋ ತಿಳಿಸಿ ಎಂದಿದ್ದರು. ಬೆಂಬಲಿಸಿದವರಿಗೆ ಆಸ್ಪತ್ರೆಯಲ್ಲಿ ಒಂದು ಮೇಜು, ಒಂದು ಫಲಕ ಸಿಗುವ ಮಾತಿತ್ತು. ಫಲಕದ ಮೇಲೆ ಸಂಚಾಲಕರ ಹೆಸರು ಇರುತ್ತದೆಯೇ ಎಂದು ನಾನು ಫೋನು ಮಾಡಿ ಕೇಳಿದ್ದು ನಿಜ. ಮುಚ್ಚಿಟ್ಟು ಏನು ಮಾಡಲಿ?

ಸನ್ನದು ಮರಾಠಿಯಲ್ಲಿತ್ತು. ಎಲ್ಲರಿಗೂ ತಿಳಿಯಲೆಂದು ಕನ್ನಡಕ್ಕೆ ತರುವ ಭಾರ ನಾನೇ ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ. ಮೂರು ದಿನ ಕೋಣೆಯ ಬಾಗಿಲು ಹಾಕಿ ಕುಳಿತೆ. ಹೆಂಡತಿ ಚಹಾ ತಂದರೆ, ಸದ್ದು ಮಾಡಬೇಡ ಎಂದು ಕೈ ಸನ್ನೆ ಮಾಡಿದೆ. ನಾಲ್ಕನೆಯ ಸಲ ಆಕೆ ಚಹಾ ತರಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲೇ ಸಭೆ. ಎದ್ದು ನಿಂತು, ಕನ್ನಡಕ ಏರಿಸಿ, ಹನ್ನೊಂದು ಕಲಮುಗಳನ್ನೂ ಓದಿದೆ. ಎಂಥ ಓದು ಅಂತೀರಿ! ಏಳನೆಯದು ನನಗೆ ತುಂಬ ಹಿಡಿಸಿದ್ದು, ಅದನ್ನು ಎರಡು ಸಲ ಓದಿದೆ: "ರೋಗಿಗಳೊಡನೆ ಮಾತನಾಡುವ ಸ್ವಯಂಸೇವಕರು ಸುಶಿಕ್ಷಿತರಾಗಿರತಕ್ಕದ್ದು." ಆಮೇಲೆ, ಬೆಂಬಲ ಇದ್ದವರು ಕೈ ಎತ್ತಿರಿ ಎಂದೆ. ಎಲ್ಲರಿಗಿಂತ ಮೊದಲು ಎದ್ದದ್ದು ಬಾಯಿಯ ಕೈ. ಓದುಬರಹ ಇಲ್ಲದವರಿಗೂ ನನ್ನ ಬರಹ ಮುಟ್ಟಿತಲ್ಲ ಎಂದು ಎದೆ ಉಬ್ಬಿತು. ಉಳಿದವರೂ ಎತ್ತಿದರು. 'ಸರ್ವಾನುಮತ' ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ. ಒಕ್ಕೂಟಕ್ಕೆ ಪತ್ರ ಅಂದೇ ಕಳಿಸಬಹುದಿತ್ತು, ಆದರೆ ಅದರ ಮೊದಲ ಸಾಲು ಇನ್ನೂ ಗಂಭೀರವಾಗಿ ಬರಲೆಂದು ತಡೆದೆ. ನನ್ನ ಜಂಭ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಸೋಮವಾರ ಬಾಯಿ ಆಸ್ಪತ್ರೆಗೆ ಹೋಗಲಿಲ್ಲ. ಮಂಗಳವಾರವೂ ಇಲ್ಲ. ಫೋನು ಮಾಡಿದರೆ, "ಇನ್ನ ಬರೂದಾಗೂದಿಲ್ರಿ" ಎಂದಷ್ಟೇ ಹೇಳಿ ಇಟ್ಟರು. ಈ ಜನರೇ ಹೀಗೆ, ಶಿಸ್ತಿನ ಮಾತು ಬಂದ ಕೂಡಲೇ ಜಾರುತ್ತಾರೆ ಎಂದು ನಾನು ಗೊಣಗಿದೆ. ಹೌದು, ಹಾಗೇ ಅಂದೆ. ಬುಧವಾರ ಬೇರೆ ಯಾರೂ ಸಿಗದೆ ಸಂಚಾಲಕರೇ ಆಸ್ಪತ್ರೆಗೆ ಸಂಚರಿಸಬೇಕಾಯಿತು.

ಬಂದವನು ಗಾರೆ ಕೆಲಸದ ಒಬ್ಬ ಮುದುಕ. ಡಾಕ್ಟರ್ ಚಿಕ್ಕ ವಯಸ್ಸಿನವಳು, ಮರಾಠಿಯಲ್ಲಿ ಕೇಳಿದ್ದನ್ನು ನಾನು ಕನ್ನಡಿಸಿದೆ: "ನಿಮಗೆ ಮಲಬದ್ಧತೆ ಇದೆಯೇ? ಮೂತ್ರ ವಿಸರ್ಜನೆಯ ಸಮಯದಲ್ಲಿ ಯಾತನೆ ಉಂಟಾಗುತ್ತದೆಯೇ?" ಮನೆಯಲ್ಲಿ ನಾನೂ ವಿಜಾಪುರದ ಮಾತೇ ಆಡುವವನು. ಡಾಕ್ಟರರ ಎದುರು ನಿಂತ ಕೂಡಲೇ ನನ್ನ ಬಾಯಿಗೆ ಸುತ್ತೋಲೆಯ ಭಾಷೆ ಬಂತು. ಮುದುಕ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಡಾಕ್ಟರರ ಕಡೆ ತಿರುಗಿ, ಕೆಲಸದ ಜಾಗದಲ್ಲಿ ಕಲಿತ ಹಿಂದಿಯಲ್ಲಿ ತುಂಬ ವಿನಯದಿಂದ ಹೇಳಿದ: "ಮೇಡಮ್, ಇನಕೋ ಕನ್ನಡ ನಹೀ ಆತಾ. ವೋ ಬಾಯಿ ಕಿಧರ್ ಹೈ?" ಇವರಿಗೆ ಕನ್ನಡ ಬರುವುದಿಲ್ಲ, ಆ ಬಾಯಿ ಎಲ್ಲಿ ಅಂತ. ಡಾಕ್ಟರೂ ನನ್ನನ್ನು ಅದನ್ನೇ ಕೇಳಿದಳು.

ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದೆ. ಆಕೆ ನಗಲಿಲ್ಲ. ಬೆಳಗಾವಿಯ ಮರಾಠಿ ಶಾಲೆಯಲ್ಲಿ ಓದಿದವಳು, ಮೂಲವನ್ನೂ ನನ್ನ ಕನ್ನಡವನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಓದಿದಳು. ಏಳನೆಯ ಕಲಮಿಗೆ ಬೆರಳು ನಿಂತಿತು.

"ಇಲ್ಲಿ ಪ್ರಶಿಕ್ಷಿತ ಅಂತ ಅದರಿ. ಅಂದ್ರ ತರಬೇತಿ ಆದವ್ರು. ನೀವು ಸುಶಿಕ್ಷಿತ ಯಾಕ ಬರದ್ರಿ?"

ಯಾಕೆಂದರೆ 'ಪ್ರಶಿಕ್ಷಿತ' ಮರಾಠಿಯ ವಾಸನೆ ಹೊಡೆಯುತ್ತದೆ ಎನಿಸಿ 'ಪ್ರ' ತೆಗೆದು 'ಸು' ಹಾಕಿದ್ದೆ. ಕನ್ನಡ ಉಳಿಸಿದೆನೆಂದು ಆ ದಿನ ಒಂದು ಚಹಾ ಹೆಚ್ಚಿಗೆ ಕುಡಿದಿದ್ದೆ.

"ಸಾಲಿ ಕಲೀದವ್ರು ಹೊರಗ ನಡೀರಿ ಅಂದಂಗಾತು," ಎಂದಳು. "ಅದೂ ಎರಡು ಸಲ ಓದೀರಿ."

ಮಧ್ಯಾಹ್ನ ಬಾಯಿ ಕೆಲಸ ಮುಗಿಸಿ ಬಸ್ಸಿಗೆ ನಿಲ್ಲುವ ಜಾಗಕ್ಕೆ ಹೋದೆ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ತಪ್ಪು ನಂದರಿ," ಎಂದೆ. "ಸಾಲಿ ಕಲಿತವ್ರು ಬೇಕು ಅಂತ ಅದರಾಗ ಇಲ್ಲ. ಕೆಲಸ ಕಲಿತವ್ರು ಬೇಕು ಅಂತ ಅದ. ನಾನ ತಪ್ಪು ಬರದೀನಿ. ಒಪ್ಪಿಗಿ ಪತ್ರ ಇನ್ನೂ ಕಳಸಿಲ್ಲ. ರವಿವಾರ ಮತ್ತ ಕೂಡೂಣು, ತಿದ್ದಿ ಓದತೀನಿ. ಬೇಕೋ ಬ್ಯಾಡೋ ಆಮ್ಯಾಲ ಹೇಳ್ರಿ."

"ಅಂದ್ರ ನಾ ನಾಳಿಗೆ ಹೋಗಬೌದೇನ್ರಿ?"

"ಹೋಗಬೇಕ್ರಿ."

"ಹೋಗ್ತೀನ್ರಿ ಹಂಗಾರ," ಎಂದರು. ಅಷ್ಟಕ್ಕೇ ಅವರ ಮುಖ ಅರಳಿತು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬರಬೇಕಿತ್ತು. ಎಲ್ಲಿ ಬರುತ್ತೇನೆ?

"ಅಲ್ರಿ, ನಿಮ್ಮನ್ನ ಹೊರಗ ಹಾಕೂ ಮಾತಿಗೆ ನೀವ ಯಾಕ ಕೈ ಎತ್ತಿದ್ರಿ? ಅದೂ ಎಲ್ಲಾರಕಿಂತ ಮೊದಲ?"

ಅವರಿಗೆ ಹೇಳಲು ಮನಸ್ಸಿರಲಿಲ್ಲ. ಬಸ್ಸೂ ಬರಲಿಲ್ಲ.

"ನನ್ನ ತಗೀಬೇಕು ಅಂತ ಮಾಡೀರಿ, ಮಾರಿ ಮ್ಯಾಲ ಹೇಳಾಕ ಆಗವಲ್ದು, ಅದಕ್ಕ ಕಾಗದದಾಗ ಬರದೀರಿ ಅಂತ ತಿಳಕೊಂಡೆರಿ. ಎರಡು ಸಲ ಓದಿದ್ರಿ, ಒಮ್ಮಿನೂ ನನ್ನ ಕಡಿ ನೋಡಲಿಲ್ಲ. ದೊಡ್ಡವರು ನೀವು, ಭಾಳ ಸಂಕಟ ಪಡಾಕತ್ತೀರಿ ಅನಿಸ್ತು. ಅದಕ್ಕ ನಾನ ಮೊದಲ ಎತ್ತಿದೆ."

ನಾನು ಅವತ್ತು ಯಾವ ಸಂಕಟವನ್ನೂ ಪಟ್ಟಿರಲಿಲ್ಲ. ನನ್ನ ದನಿಯನ್ನು ನಾನೇ ಕೇಳುತ್ತ ನಿಂತಿದ್ದೆ.